ಮಳೆಗಾಲಕ್ಕೆ ಇಟ್ಟ ಮಾತ್ರೆಗಳು

ಅಮ್ಮ ಮಲಗಿದ ಆ ಐದು ತಿಂಗಳಲ್ಲಿ ನಮ್ಮ ಮನೆಗೆ ಎಷ್ಟು ಸೇಬು ಬಂತೆಂದರೆ, ಇವತ್ತಿಗೂ ಅಂಗಡಿಯಲ್ಲಿ ಸೇಬು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳಿಗೆ ಗಂಜಿಯ ತಿಳಿ ಗಂಟಲಲ್ಲಿ ಇಳಿಯುವುದೇ ಕಷ್ಟವಾಗಿತ್ತು. ಆದರೂ ಬಂದವರೆಲ್ಲ ಸೇಬು ತಂದರು, ಅದರ ಜೊತೆಗೆ ತಲೆಗೊಂದು ಸಲಹೆಯನ್ನೂ ತಂದರು. ಒಬ್ಬರು ಯಾವುದೋ ಬೇರಿನ ಕಷಾಯ ಹೇಳಿದರು. ಇನ್ನೊಬ್ಬರು ಬೈಂದೂರಿನ ಆಚೆ ಮದ್ದು ಕೊಡುವವರೊಬ್ಬರಿದ್ದಾರೆ, ನಾಡಿ ಹಿಡಿದರೆ ಸಾಕು ಎಂದರು. ಮತ್ತೊಬ್ಬರು ಮೊದಲು ಮೀನು ಬಿಡಿಸಿ ಎಂದರು. ನಲವತ್ತು ವರ್ಷ ಕುಂದಾಪುರದ ಮಾರ್ಕೆಟಿನಲ್ಲಿ ಕೂತು ಮೀನು ಮಾರಿದ ಹೆಂಗಸಿಗೆ ಮೀನು ಬಿಡಿಸಬೇಕಂತೆ.

ನನ್ನದು ತಲ್ಲೂರಿನಲ್ಲಿ ಹೊಲಿಗೆಯ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ರವಿಕೆಯ ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತುಕೊಂಡೇ ಪರದೆಯ ಕಡೆ ಕಣ್ಣು ಹಾಯಿಸಿ ಪಿಸುಗುಟ್ಟುತ್ತಿದ್ದರು.

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲೆ."

"ಹೇಳ್ಬ್ಯಾಡ ಮಾರಾಯ್ತಿ. ಎದಿ ಒಡ್ಕಂಡ್ ಹೋತ್ರ್."

ಊರಿಡೀ ಗೊತ್ತಿದ್ದ ವಿಷಯ ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ಕ್ಯಾನ್ಸರು, ಲಿವರಿಗೂ ಹರಡಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದ್ದರು. ಮಳೆಗಾಲ ದಾಟುವುದು ಕಷ್ಟ ಎಂದೂ ಹೇಳಿದ್ದರು. ಅವತ್ತು ಅಣ್ಣಯ್ಯನೂ ಇದ್ದ. ಅವನು ಮುಂಬೈಯಲ್ಲಿ ಕ್ಯಾಂಟೀನು ನಡೆಸುವವನು, ಸುದ್ದಿ ಕೇಳಿ ಓಡಿ ಬಂದಿದ್ದ. ಡಾಕ್ಟರ ಕೋಣೆಯ ಬಾಗಿಲಲ್ಲೇ ಅವನು ನಿರ್ಧಾರ ಮಾಡಿಬಿಟ್ಟ. ಒಳಗೆ ಹೋಗಿ ಅಮ್ಮನ ಕೈ ಹಿಡಿದು, "ಹೊಟ್ಟಿ ಹುಣ್ಣ್ ಅಂಬ್ರ್ ಅಮ್ಮ. ಎರಡ್ ವರ್ಷ ಮದ್ದ್ ಮಾಡ್ರೆ ಸಮಾ ಆತ್ತ್" ಎಂದ.

ಎರಡು ವರ್ಷ ಎಂಬುದು ಅವನ ತಲೆಗೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. ಪಕ್ಕದಲ್ಲಿ ನಿಂತಿದ್ದ ನಾನು ತಲೆ ಆಡಿಸಿದೆ. ನಾಲ್ಕು ದಿನ ಇದ್ದು ಅವನು ಮುಂಬೈಗೆ ಹೋದ. ಸುಳ್ಳು ನನ್ನ ಮನೆಯಲ್ಲಿ ಉಳಿಯಿತು.

ಆಸ್ಪತ್ರೆಯ ಚೀಟಿಯಲ್ಲಿ ಪ್ಯಾಲಿಯೇಟಿವ್ ಕೇರ್ ಎಂದು ಬರೆದಿದ್ದರು. ಹಾಗೆಂದರೇನು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಬೈಂದೂರಿನಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದ ಚಿಕ್ಕಮ್ಮನಿಗೆ, ಅಂದರೆ ಅಮ್ಮನ ತಂಗಿಗೆ, ಮಾತ್ರ ಎಲ್ಲ ಗೊತ್ತಿತ್ತು. "ಅದ್ ಡಾಕ್ಟ್ರ್ ಕೈಬಿಟ್ಟವ್ರಿಗೆ ಕೊಡು ಮದ್ದ್" ಎಂದು ಅಡುಗೆಮನೆಯಲ್ಲಿ ನನಗೆ ಹೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮುಖ ತೊಳೆದು, ಅಮ್ಮನ ಕೋಣೆಗೆ ಹೋಗಿ ನಕ್ಕಳು. ನಗುವುದೂ ಒಂದು ಕೆಲಸವಾಗಿತ್ತು ನಮಗೆ. ಎಲ್ಲರೂ ಆ ಬಾಗಿಲ ಹತ್ತಿರ ನಿಂತು ಮುಖ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಆ ಚೀಟಿಯ ಮೇಲೆಯೇ ಏಪ್ರಿಲ್ ಕೊನೆಗೆ ಮನೆಗೆ ನರ್ಸ್ ಒಬ್ಬರು ಬರತೊಡಗಿದರು. ಬ್ರಹ್ಮಾವರದ ಕಡೆಯವರು, ಐವತ್ತು ದಾಟಿದವರು, ವ್ಯಾನಿನಲ್ಲಿ ಬುಧವಾರ ಬುಧವಾರ ಬರುತ್ತಿದ್ದರು. ನಾನು ಡಾಕ್ಟರೂ ಬರುತ್ತಾರೆ, ಬಾಟಲಿ ಏರಿಸುತ್ತಾರೆ ಎಂದೆಲ್ಲ ಕಾದಿದ್ದರೆ, ಇವರು ಅಮ್ಮನ ಮಂಚದ ಮೇಲೆ ಕೂತು, ಕಕ್ಕಸಿಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಬಾಯಿ ತೆರೆಸಿ ನಾಲಿಗೆ ನೋಡಿದರು, ಬೆನ್ನು ತಿರುಗಿಸಿ ಚರ್ಮ ನೋಡಿದರು, ದಿಂಬನ್ನು ಮೊಣಕಾಲಿನ ಕೆಳಗೆ ಹೇಗೆ ಇಡಬೇಕೆಂದು ತೋರಿಸಿದರು. ನನಗೆ ನಿರಾಶೆಯಾಯಿತು. ವ್ಯಾನಿನ ತನಕ ಹಿಂದೆ ಹೋಗಿ, ಇಷ್ಟೇನಾ ಎಂದು ಕೇಳಿಯೇಬಿಟ್ಟೆ.

"ಕಾಯ್ಲಿ ಗುಣ ಆತಿಲ್ಲೆ, ಅದ್ ಹೌದ್" ಎಂದರು ಅವರು. "ಆರೆ ನೋವ್ ಕಮ್ಮಿ ಮಾಡುಕಾತ್ತ್, ವಾಂತಿ ನಿಲ್ಸುಕಾತ್ತ್, ನಿದ್ದಿ ಬಪ್ಪಾಂಗೆ ಮಾಡುಕಾತ್ತ್. ಇದ್ದಷ್ಟ್ ದಿನ ಅವ್ರ್ ನೋವಿಲ್ದೆ ಇರ್ಕ್. ಅದೇ ನಮ್ಮ್ ಕೆಲ್ಸ." ಮತ್ತೆ, "ಅಮ್ಮಂಗೆ ಎಂತ ಹೇಳಿದ್ರಿ?" ಎಂದು ಕೇಳಿದರು.

ನಾನು ಹೊಟ್ಟೆ ಹುಣ್ಣಿನ ಕತೆ ಹೇಳಿದೆ. ಅವರು ಬೈಯಲಿಲ್ಲ. "ಅವ್ರಾಗಿ ಕೇಂಡ್ರೆ ನಾನ್ ಸುಳ್ಳ್ ಹೇಳುದಿಲ್ಲೆ. ಕೇಣ್ದಿದ್ರೆ ನಾನಾಗಿ ಹೇಳುಕೆ ಹೋತಿಲ್ಲೆ. ಆರೆ ಹೇಳುದ್ ಒಳ್ಳೇದ್" ಎಂದಷ್ಟೇ ಹೇಳಿ ವ್ಯಾನು ಹತ್ತಿದರು. ಒಳ್ಳೆಯದೇನೋ ಹೌದು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟರು. ಸಣ್ಣ ಬಿಳಿ ಮಾತ್ರೆ. ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು, ನೋವು ಬಂದ ಮೇಲೆ ಕೊಡೋಣ ಎಂದು ಕಾಯಬಾರದು, ಜೊತೆಗೆ ಮಲಬದ್ಧತೆಗೆ ಇನ್ನೊಂದು ಮದ್ದು ಕೊಡಲೇಬೇಕು, ಖಾಲಿ ಪಟ್ಟಿಗಳನ್ನು ಎಸೆಯದೆ ವಾಪಸು ಕೊಡಬೇಕು ಎಂದು ನರ್ಸ್ ಎರಡೆರಡು ಸಲ ಹೇಳಿಸಿ ಒಪ್ಪಿಸಿಕೊಂಡರು. ಮಾರ್ಫಿನ್ ಎಂಬ ಹೆಸರು ಚಿಕ್ಕಮ್ಮನ ಕಿವಿಗೆ ಹೇಗೆ ಬಿತ್ತೋ, ಮುಂದಿನ ವಾರ ಬರುವಾಗಲೇ ಸಿದ್ಧವಾಗಿ ಬಂದಿದ್ದಳು.

"ಅದ್ ಅಫೀಮ್ ಅಂಬ್ರ್. ಒಂದ್ ಸಲ ಅಭ್ಯಾಸ ಆರೆ ಬಿಡುಕಾತಿಲ್ಲೆ."

"ಎಂತಕೆ ಬಿಡುದ್ ಚಿಕ್ಕಮ್ಮ?" ಎಂದೆ. ಅವಳು ಅರ್ಧ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಾನು ಹೊತ್ತು ತಪ್ಪಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಒಂದು, ಹತ್ತಕ್ಕೆ, ಎರಡಕ್ಕೆ, ಆರಕ್ಕೆ, ಮಲಗುವಾಗ. ಮಿಷನ್ನಿನ ಪಕ್ಕ ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದೆ. ಅದು ಹೊಡೆದ ಕೂಡಲೇ ಪಟ್ಟಿಯಿಂದ ಮಾತ್ರೆ ಬಿಡಿಸಿ ಅಮ್ಮನ ಅಂಗೈಯಲ್ಲಿಟ್ಟು, ನೀರಿನ ಲೋಟ ಕೊಡುತ್ತಿದ್ದೆ. ಅಷ್ಟರಲ್ಲಿ ಹೊರಗಿನಿಂದ "ಹ್ವಾಯ್, ಇದ್ರ್ಯಾ?" ಎಂದು ಯಾರೋ ಕರೆಯುತ್ತಿದ್ದರು. "ಹೋಗ್, ನಾನ್ ನುಂಗ್ತೆ" ಎನ್ನುತ್ತಿದ್ದಳು ಅಮ್ಮ. ನಾನು ಹೋಗುತ್ತಿದ್ದೆ.

ನೋವು ಕಡಿಮೆಯಾಗಲಿಲ್ಲ. ಮೇ ಪೂರ್ತಿ, ಜೂನ್ ಪೂರ್ತಿ ಅಮ್ಮ ಗೋಡೆಗೆ ಮುಖ ಮಾಡಿ, ಮೊಣಕಾಲನ್ನು ಹೊಟ್ಟೆಗೆ ಮಡಚಿ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿರುತ್ತಿದ್ದಳು. ಕೇಳಿದರೆ, "ಒಂಚೂರ್ ಇತ್ತ್" ಎನ್ನುವಳು. ನಾನು ನರ್ಸಿಗೆ ಫೋನು ಮಾಡಿದೆ. ಅವರು ಡಾಕ್ಟರನ್ನು ಕೇಳಿ ಮಾತ್ರೆ ಹೆಚ್ಚಿಸಿದರು. ಎರಡು ವಾರ ಬಿಟ್ಟು ಮತ್ತೆ ಹೆಚ್ಚಿಸಿದರು. ಅಮ್ಮನ ಸೆರಗು ಹಲ್ಲಿನಿಂದ ಬಿಡಲಿಲ್ಲ. ಒಂದು ಬುಧವಾರ ನನಗೆ ತಡೆಯಲಾಗಲಿಲ್ಲ. ವ್ಯಾನಿನ ಹತ್ತಿರ ನಿಂತು, ನಿಮ್ಮ ಮದ್ದೂ ಒಂದೇ ಬಾವಿ ನೀರೂ ಒಂದೇ ಎಂದು ಬಾಯಿಗೆ ಬಂದ ಹಾಗೆ ಅಂದೆ.

ನರ್ಸ್ ಕೇಳಿಸಿಕೊಂಡರು. "ಮಾತ್ರೆ ನಿಮ್ಮ್ ಎದ್ರೇ ನುಂಗ್ತ್ರಾ?" ಎಂದು ಕೇಳಿದರು.

"ನನ್ನ್ ಕೈಯಾರೆ ಕೊಡ್ತೆ" ಎಂದೆ, ಮುಖ ಊದಿಸಿಕೊಂಡು. ಅವರು ಕೇಳಿದ್ದು ಅದಲ್ಲ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಆಗ ಅವರು ಇನ್ನೊಂದು ದಾರಿ ಹೇಳಿದರು. ಇಂಥ ರೋಗಿಗಳಿಗೆಂದೇ ಇರುವ ಆರೈಕೆಯ ಮನೆಯೊಂದಿದೆ, ಹತ್ತು ದಿನ ಅಲ್ಲಿರಲಿ, ನೋವು ಹಿಡಿತಕ್ಕೆ ತಂದು ವಾಪಸು ಕಳಿಸುತ್ತೇವೆ, ನೀವೂ ಜೊತೆಗಿರಬಹುದು. ನನಗೆ ಸರಿ ಅನ್ನಿಸಿತು. ಆದರೆ ಈ ಮಾತು ಹೊರಬಿದ್ದದ್ದೇ ತಡ, ಮನೆ ರಣರಂಗವಾಯಿತು. "ಸಾಯುಕೆ ಬಿಟ್ಟ್ ಬಪ್ಪುದಾ, ಮಗ್ಳ್ ಇದ್ದೂ?" ಎಂದಳು ಚಿಕ್ಕಮ್ಮ. ಅಣ್ಣಯ್ಯ ಮುಂಬೈಯಿಂದ ಫೋನಿನಲ್ಲಿ, "ಜನ ಎಂತ ಹೇಳುದಿಲ್ಲೆ?" ಎಂದ. ಆ ಜನ ಯಾರೂ ಬಂದು ಒಂದು ದಿನ ಅಮ್ಮನ ಬಟ್ಟೆ ಒಗೆದವರಲ್ಲ, ಬೆನ್ನು ಒರೆಸಿದವರಲ್ಲ. ಆದರೂ ನಾನು ಹೆದರಿದೆ. ಕಳಿಸಲಿಲ್ಲ. ಕಳಿಸಿದ್ದರೆ ಸಂಗತಿ ಒಂದೇ ದಿನದಲ್ಲಿ ಹೊರಬೀಳುತ್ತಿತ್ತು.

ಹೊರಬಿದ್ದದ್ದು ಜುಲೈ ನಡುವಿನಲ್ಲಿ, ನಾನು ಚಟ್ನಿ ಮಾಡಲು ಹೊರಟಾಗ.

ಕಡಲಿನ ಮೇಲೆ ಬದುಕುವ ನಮ್ಮಂಥವರ ಮನೆಯಲ್ಲಿ ಮಳೆಗಾಲಕ್ಕೆ ಇಡುವುದು ಎಂಬ ಒಂದು ಶಿಸ್ತು ಇದೆ. ಮಳೆ ಹಿಡಿದರೆ ದೋಣಿ ದಡಕ್ಕೆ, ಕೆಲಸ ನಿಂತಿತು. ಹಾಗಾಗಿ ಬಿಸಿಲಿರುವಾಗಲೇ ಮೀನು ಒಣಗಿಸಿ, ಚಟ್ಲಿ ಎಂದು ನಾವು ಕರೆಯುವ ಸಿಗಡಿ ಒಣಗಿಸಿ, ಹುಳಿ, ಅಕ್ಕಿ, ಕಟ್ಟಿಗೆ ಎಲ್ಲ ಎತ್ತಿಡಬೇಕು. ಹಾಗೆ ಎತ್ತಿಟ್ಟದ್ದನ್ನು ಬೇಸಿಗೆಯಲ್ಲಿ ಹಸಿದು ಸತ್ತರೂ ಮುಟ್ಟುವಂತಿಲ್ಲ. ಚಿಕ್ಕವಳಿದ್ದಾಗ ಒಣ ಚಟ್ಲಿ ಕದ್ದು ತಿಂದು ಅಮ್ಮನ ಕೈಯಿಂದ ನಾನು ತಿಂದ ಪೆಟ್ಟಿಗೆ ಲೆಕ್ಕವಿಲ್ಲ. ಈಗ ಎಲ್ಲ ಕಾಲದಲ್ಲೂ ಎಲ್ಲ ಸಿಗುತ್ತದೆ ಎಂದರೆ ಅವಳು ಕೇಳುವವಳಲ್ಲ. ಆ ಮೇ ತಿಂಗಳಲ್ಲಿ, ನೋವು ತಿನ್ನುತ್ತಾ ಮಲಗಿದಲ್ಲಿಂದಲೇ, ಚಟ್ಲಿ ತರಿಸಿ ಒಣಗಿಸಿ ತಗಡಿನ ಡಬ್ಬಿ ತುಂಬಿಸಿ ಮಂಚದ ಕೆಳಗೆ ಇಡಿಸಿಕೊಂಡಿದ್ದಳು.

ಆ ಮಧ್ಯಾಹ್ನ ಮಳೆ ಹುಚ್ಚು ಹಿಡಿದ ಹಾಗೆ ಸುರಿಯುತ್ತಿತ್ತು. ಅಮ್ಮನಿಗೆ ಬಾಯಿರುಚಿ ಬರಲೆಂದು, ಗಂಜಿಗೆ ಒಂದು ಚೂರು ಚಟ್ಲಿ ಚಟ್ನಿ ಮಾಡೋಣ ಎಂದು ಅವಳು ಕಣ್ಣು ಮುಚ್ಚಿದ್ದಾಗ ಡಬ್ಬಿ ಎಳೆದು ಮುಚ್ಚಳ ತೆಗೆದೆ. ಮೇಲೊಂದು ಪೇಪರು. ಪೇಪರಿನ ಮೇಲೆ, ನಾನು ರವಿಕೆಯ ಗುಂಡಿ ಹಾಕಿಡುವ ಪ್ಲಾಸ್ಟಿಕ್ ಚೀಲ, ಬಾಯಿ ಗಂಟು ಹಾಕಿ ಇಟ್ಟದ್ದು. ಅದರೊಳಗೆ ಬಿಳಿ ಮಾತ್ರೆಗಳು. ಎಣಿಸಲು ಹೋಗಲಿಲ್ಲ. ಎರಡು ಮುಷ್ಟಿ ತುಂಬ ಇದ್ದವು.

ಎಲ್ಲ ಒಟ್ಟಿಗೆ ನುಂಗಲು ಕೂಡಿಟ್ಟಿದ್ದಾಳೆ ಎಂದೇ ನನಗೆ ಮೊದಲು ಅನ್ನಿಸಿದ್ದು. ಅಮ್ಮ ಕಣ್ಣು ಬಿಟ್ಟಳು.

"ಆ ಡಬ್ಬಿ ಮುಟ್ಬ್ಯಾಡ ಅಂದಿರ್ಲಿಲ್ಯಾ?"

"ಇದೆಂತ ಇದ್?"

"ಮಾತ್ರೆ. ಇನ್ನೆಂತ?"

"ಎಂತಕೆ ತಿನ್ಲಿಲ್ಲೆ?"

"ದಿನಾ ಮೀಯುಕೆ ಹೋಪತಿಗೆ ಒಂದ್ ತಿಂತೆ" ಎಂದಳು, ದಡ್ಡಿಗೆ ಪಾಠ ಹೇಳುವ ಹಾಗೆ. "ಬಾಕಿದ್ ಎತ್ತಿಟ್ಟಿದೆ. ಈಗಿನ್ ನೋವ್ ಹ್ಯಾಂಗೋ ತಡ್ಕಂಬ್ಲಕ್ಕ್. ಎರಡ್ ವರ್ಷ ಇತ್ತಲೆ? ಮಳಿ ಜೋರಾಯಿ ಆ ನರ್ಸಮ್ಮಂಗೆ ಬಪ್ಪುಕಾಯ್ದಿದ್ರೆ? ಮುಂದೆ ದೊಡ್ಡ್ ನೋವ್ ಬಂದ್ರೆ ಆಗ್ಳಿಗೆ ಬ್ಯಾಡ್ದಾ?"

ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಹನ್ನೊಂದು ವಾರ. ಮದ್ದು ಮಂಚದ ಕೆಳಗೆ, ನೋವು ಮಂಚದ ಮೇಲೆ. ನಾನು ಅಲಾರಾಂ ಇಟ್ಟುಕೊಂಡು ಓಡಿ ಓಡಿ ಕೊಟ್ಟದ್ದನ್ನೆಲ್ಲ ಈ ಹೆಂಗಸು ಒಣಮೀನಿನ ಹಾಗೆ ಕಟ್ಟಿಟ್ಟು, ಸೆರಗು ಕಚ್ಚಿಕೊಂಡು ಬಿದ್ದಿದ್ದಳು. ಸಾಯುವ ಅಮ್ಮನಿಗೆ ಯಾರೂ ಬೈಯಬಾರದು. ನಾನು ಬೈದೆ. ನಿನಗೆ ಬುದ್ಧಿ ಇದೆಯಾ ಎಂದೆ, ನನ್ನನ್ನು ಕೊಲ್ಲುತ್ತೀಯಾ ಎಂದೆ. ಅವಳು ಗೋಡೆಯ ಕಡೆ ತಿರುಗಿದಳು.

ಜಗಲಿಗೆ ಬಂದು ಅಣ್ಣಯ್ಯನಿಗೆ ಫೋನು ಮಾಡಿದೆ. ಮಳೆಯ ಸದ್ದಿಗೆ ಕಿರುಚಿಯೇ ಮಾತಾಡಬೇಕಿತ್ತು, ನನಗೂ ಅದೇ ಬೇಕಿತ್ತು. ಎಲ್ಲ ಕೇಳಿ ಅವನು, "ಮಾತ್ರೆ ತಿನ್ಸ್. ವಿಷ್ಯ ಮಾತ್ರ ಹೇಳ್ಬ್ಯಾಡ" ಎಂದ.

"ಹ್ಯಾಂಗೆ ತಿನ್ಸುದ್? ಎರಡ್ ವರ್ಷ ಅಂದದ್ದ್ ನೀನ್."

"ಎಂತದಾರೂ ಹೇಳ್."

ಎಂತದಾರೂ ಹೇಳಿಯೇ ಈ ಗತಿ ಬಂದದ್ದು ಎಂದು ಫೋನು ಇಟ್ಟೆ. ಆದರೂ ನನ್ನ ಹೇಡಿತನ ನೋಡಿ, ಒಳಗೆ ಹೋಗಿ ನಾನು ಹೇಳಿದ್ದೂ ಇನ್ನೊಂದು ಸುಳ್ಳೇ. ಇಟ್ಟರೆ ಮಾತ್ರೆ ಹಾಳಾಗುತ್ತದೆ ಎಂದೆ. "ತ್ಯಾವ ತಾಗ್ದಿದ್ರೆ ಎಂತ ಹಾಳಾಪುದ್?" ಎಂದಳು ಅಮ್ಮ, ಗೋಡೆಯ ಕಡೆಯಿಂದಲೇ.

ನರ್ಸಿಗೆ ಫೋನು ಮಾಡಿದೆ. ಅವರು ಮೊದಲು ಹೇಳಿದ್ದು, ಈಗಿನ ಲೆಕ್ಕದ ಮಾತ್ರೆ ಕೊಡಲೇಬೇಡಿ ಎಂದು. ಅಮ್ಮ ಎಲ್ಲ ನುಂಗುತ್ತಿದ್ದಾಳೆ ಎಂದುಕೊಂಡು ಡಾಕ್ಟರು ಹೆಚ್ಚಿಸಿದ್ದರು. ದಿನಕ್ಕೊಂದು ತಿಂದ ಮೈಗೆ ಅಷ್ಟನ್ನೂ ಕೊಟ್ಟರೆ ಉಸಿರಿಗೇ ತೊಂದರೆ. ಡಾಕ್ಟರ ಹತ್ತಿರ ಮಾತಾಡಿ ಸಣ್ಣ ಲೆಕ್ಕದಿಂದ ಹೊಸದಾಗಿ ಶುರು ಮಾಡುವ ಬಗೆ ಹೇಳಿದರು. ಮರುದಿನ ಬುಧವಾರವಲ್ಲದಿದ್ದರೂ ಬಂದರು. ಆ ಮಾತ್ರೆಯ ಚೀಲವನ್ನು ಎತ್ತಿ ತಮ್ಮ ಬ್ಯಾಗಿಗೆ ಹಾಕಿಕೊಂಡು ನನ್ನನ್ನು ಹೊರಗೆ ಕರೆದರು.

"ಅವ್ರ್ ತಪ್ಪ್ ಲೆಕ್ಕ ಹಾಕ್ಲಿಲ್ಲೆ" ಎಂದರು. "ನೀವ್ ಕೊಟ್ಟದ್ದ್ ತಪ್ಪ್. ಎರಡ್ ವರ್ಷ ಅಂದ್ರೆ ಯಾರಾರೂ ಹಾಂಗೇ ಎತ್ತಿಡ್ತ್ರ್. ನಾನ್ ಒಟ್ಟಿಗೆ ಕೂಕಂತೆ. ಹೇಳುದ್ ನೀವ್ ಹೇಳಿ."

ನಾವಿಬ್ಬರೂ ಒಳಗೆ ಹೋದೆವು. ನರ್ಸ್ ಮಂಚದ ಕಾಲ ಬದಿಗೆ ಕೂತರು. ನಾನು ತಲೆಯ ಬದಿಗೆ ಕೂತೆ. ಬಾಗಿಲಲ್ಲಿ ಮುಖ ಸರಿಮಾಡಿಕೊಳ್ಳಲು ಆಗಿರಲಿಲ್ಲ, ಅಮ್ಮ ಅದನ್ನೇ ನೋಡುತ್ತಿದ್ದಳು.

"ಅಮ್ಮ, ಅದ್ ಹುಣ್ಣ್ ಅಲ್ಲ" ಎಂದೆ.

"ಕ್ಯಾನ್ಸರಾ?"

"ಹ್ಞೂಂ."

"ಎರಡ್ ವರ್ಷ ಅಂದದ್ದ್?"

"ಸುಳ್ಳ್."

ಅಮ್ಮ ನರ್ಸಿನ ಕಡೆ ನೋಡಿದಳು. ಅವರು ಅವಳ ಪಾದದ ಮೇಲೆ ಕೈ ಇಟ್ಟು, "ವರ್ಷದ್ ಲೆಕ್ಕ ಇಲ್ಲೆ ಅಮ್ಮ. ವಾರದ್ ಲೆಕ್ಕ. ಸಮಾ ಇಷ್ಟೇ ಅಂದ್ ಯಾರಿಗೂ ಹೇಳುಕಾತಿಲ್ಲೆ" ಎಂದರು.

ಅವಳ ಎದೆ ಒಡೆಯಲಿಲ್ಲ. ಊರಿಡೀ ಹೆದರಿಸಿದ್ದು ಆಗಲಿಲ್ಲ. ಮಾಡಿನ ಹಂಚು ನೋಡುತ್ತಾ ಅಮ್ಮ ಕೇಳಿದಳು, "ಹಾಂಗಾರೆ ನಾನ್ ಯಾರಿಗಂದ್ ಎತ್ತಿಟ್ಟದ್ದ್?"

ಅವಳು ಕೈ ಚಾಚಿ, "ಕೊಡ್ ಕಾಂಬ" ಎಂದಳು. ನಮ್ಮಿಬ್ಬರ ಎದುರೇ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದು, ನುಂಗಿದೆ ನೋಡು ಎಂಬಂತೆ ಬಾಯಿ ತೆರೆದು ನರ್ಸಿಗೆ ತೋರಿಸಿದಳು. ಸಂಜೆ ಸ್ವಲ್ಪ ಅತ್ತಳು. ನಾನೂ ಅತ್ತೆ. ಅದಕ್ಕೆ ಮೊದಲು ನಾವಿಬ್ಬರೂ ಪರದೆಯ ಆ ಬದಿ ಈ ಬದಿ ಬೇರೆ ಬೇರೆ ಅಳುತ್ತಿದ್ದೆವು ಎಂದು ಕಾಣುತ್ತದೆ.

ನಾಲ್ಕೈದು ದಿನದಲ್ಲಿ ಮದ್ದಿನ ಲೆಕ್ಕ ಸರಿಹೋಯಿತು. ಸೆರಗು ಹಲ್ಲಿನಿಂದ ಬಿಟ್ಟಿತು. ಅಮ್ಮ ಕಾಲು ನೀಡಿ, ಬೆನ್ನ ಮೇಲೆ ಮಲಗಿ, ಗೊರಕೆ ಹೊಡೆದಳು. ಗೊರಕೆ ಕೇಳಿ ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಎದ್ದ ಮೇಲೆ, "ಆ ಚಟ್ಲಿ ಎಂತಕಿಟ್ಟಿದೆ, ಚಟ್ನಿ ಮಾಡ್" ಎಂದು ನನಗೇ ಬೈದು, ಮಾಡಿಕೊಟ್ಟದ್ದನ್ನು ಬೆರಳ ತುದಿಯಲ್ಲಿ ನೆಕ್ಕಿ, ಉಪ್ಪು ಹೆಚ್ಚು ಎಂದಳು. ಅಣ್ಣಯ್ಯನಿಗೆ ತಾನೇ ಫೋನು ಮಾಡಿ, "ಬಪ್ಪುದಾರೆ ಈಗ ಬಾ. ಕಡಿಗೆ ಬಂದ್ ಕೂಗುದ್ ಬ್ಯಾಡ" ಎಂದಳು.

ಅವನು ಮುಂಬೈ ರೈಲಿನಲ್ಲಿ ಬಂದ. ಒಳಗೆ ಬಂದವನೇ ಹಳೆಯ ಚಾಳಿಯಂತೆ, "ಎಂತ ಆತಿಲ್ಲೆ ಅಮ್ಮ, ಗುಣ ಆತ್ತ್" ಎಂದು ಶುರುಮಾಡಿದ.

"ಸುಮ್ನೆ ಕೂಕೋ" ಎಂದಳು ಅಮ್ಮ. "ನಿಂಗೆ ಹೆದ್ರಿಕಿ ಆರೆ ಹೆದ್ರಿಕಿ ಆತ್ತ್ ಅಂದ್ ಹೇಳ್. ನಂಗೆ ಸುಳ್ಳ್ ಹೇಳ್ಬ್ಯಾಡ." ಐವತ್ತು ದಾಟಿದ ಆ ಗಂಡಸು ಅವಳ ಕಾಲ ಹತ್ತಿರ ಕೂತು ಬಿಕ್ಕಿದ. ಅವಳು ಅವನ ತಲೆ ಸವರುತ್ತಾ, ಕ್ಯಾಂಟೀನಿನ ಹುಡುಗರಿಗೆ ಸಂಬಳ ಸರಿಯಾಗಿ ಕೊಡುತ್ತೀಯಾ ಎಂದು ಕೇಳಿದಳು. ಅವನು ಹದಿನೈದು ದಿನ ಇದ್ದ. ಅಮ್ಮನಿಗೆ ಮೀಯಿಸುವಾಗ ಎತ್ತಿಕೊಳ್ಳುವುದು ಅವನ ಕೆಲಸವಾಯಿತು.

ಗೊತ್ತಾದ ಮೇಲೆ ಅಮ್ಮ ಇಪ್ಪತ್ತಮೂರು ದಿನ ಬದುಕಿದಳು. ಒಂದು ಬೆಳಿಗ್ಗೆ ಗಂಜಿ ಬೇಡ ಎಂದಳು, ಮಧ್ಯಾಹ್ನದ ಹೊತ್ತಿಗೆ ಉಸಿರು ನಿಧಾನವಾಯಿತು. ನರ್ಸ್ ಹೀಗೇ ಆಗುತ್ತದೆ, ಆಸ್ಪತ್ರೆಗೆ ಓಡಬೇಡಿ, ತುಟಿ ಒದ್ದೆ ಮಾಡುತ್ತಾ ಪಕ್ಕದಲ್ಲಿರಿ ಎಂದು ಮೊದಲೇ ಹೇಳಿದ್ದರು. ನಾವು ಓಡಲಿಲ್ಲ, ಇದ್ದೆವು.

ಬೊಜ್ಜದ ದಿನ ಚಿಕ್ಕಮ್ಮ ಉತ್ತರಕ್ರಿಯೆಯ ಊಟಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದಳು, ಅಕ್ಕ ಪುಣ್ಯವಂತೆ, ಎಷ್ಟು ತಾಳ್ಮೆ, ಅಷ್ಟು ನೋವಿದ್ದರೂ ಒಂದು ದಿನ ಅಯ್ಯೋ ಅನ್ನಲಿಲ್ಲ ಎಂದು. ಬಂದವರು ತಲೆದೂಗುತ್ತಿದ್ದರು. ನನ್ನ ಮೈ ಉರಿಯಿತು. ಅದು ತಾಳ್ಮೆಯಲ್ಲ, ನಾವು ಹೇಳಿದ ಸುಳ್ಳು ಎಂದು ಎಲ್ಲರ ಎದುರು ಹೇಳಬೇಕೆಂದು ಬಾಯಿ ತೆರೆದೆ. ಎಲೆ ಹಾಕುವ ಹೊತ್ತಾಗಿತ್ತು, ಯಾರೋ ಕರೆದರು, ಹೋದೆ.

ಅಣ್ಣಯ್ಯನ ಮೇಲೆ, ಚಿಕ್ಕಮ್ಮನ ಮೇಲೆ, ಪಿಸುಗುಟ್ಟಿದ ಊರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಯಾರಾದರೂ ಕೇಳಿದರೆ ಗಂಟೆಗಟ್ಟಲೆ ಹೇಳುತ್ತೇನೆ. ಹೇಳದೆ ಇದ್ದದ್ದು ಒಂದೇ ಒಂದು. ಆ ಇಪ್ಪತ್ತಮೂರು ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಅಮ್ಮನ ತಲೆ ಬಾಚುತ್ತಿದ್ದೆ. ಅವಳು ಸಿಟ್ಟಿಲ್ಲದೆ, ಮಾರ್ಕೆಟಿನಲ್ಲಿ ಮೀನಿನ ದರ ಕೇಳುವಷ್ಟು ಸಹಜವಾಗಿ ಕೇಳಿದಳು, "ಮಾತ್ರೆ ನಾಟುದಿಲ್ಲೆ ಅಂದ್ ನೀನ್ ನರ್ಸಮ್ಮನ್ ಹತ್ರ ಕೇಂಡೆ. ಡಾಕ್ಟ್ರ್ ಹತ್ರ ಕೇಣ್ಸ್ದೆ. ಮುಂಬೈಗೆ ಫೋನ್ ಮಾಡಿ ಅಣ್ಣಯ್ಯನ್ ಹತ್ರ ಕೇಂಡೆ. ನಾನ್ ಇಲ್ಲೇ ಇದ್ದಿದ್ನಲೆ ಹೆಣೆ, ನನ್ನ್ ಹತ್ರ ಎಂತಕೆ ಕೇಣ್ಲಿಲ್ಲೆ?"